ಹತ್ತು ನಿಮಿಷದ ಕುಟುಂಬ ಪ್ರಾರ್ಥನೆ: ನನ್ನ ಅನುಭವ

"ಹತ್ತು ನಿಮಿಷದಲ್ಲಿ ಎಂಥ ಪ್ರಾರ್ಥನೆ? ದೇವರಿಗೂ ಗಡಿಯಾರ ನೋಡಿ ಕೊಡ್ತೀಯಾ?" ಅಂತ, ರಾತ್ರಿ ಮನೆಯಲ್ಲಿ ಮಕ್ಕಳ ಜೊತೆ ಹತ್ತು ನಿಮಿಷ ಬೈಬಲ್ ಓದಿ ಪ್ರಾರ್ಥಿಸುತ್ತೇವೆ ಅಂದಾಗ ನಮ್ಮ ಚರ್ಚಿನ ಹಿರಿಯರೊಬ್ಬರು ಕೇಳಿದ್ದರು. ಅಮ್ಮನಿಗೂ ಇದು ಒಪ್ಪಿಗೆ ಇರಲಿಲ್ಲ. ಈಗ ಎರಡು ವರ್ಷ ದಾಟಿದೆ. ವಾರಕ್ಕೆ ಐದು ರಾತ್ರಿ ನಡೆಯುತ್ತಿದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಮೂರು ಸಲ ಸೋತೆ. ಒಮ್ಮೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದೆ. ದಿನಕ್ಕೊಂದು ಅಧ್ಯಾಯ, ಅದರ ಮೇಲೆ ನನ್ನ ಪ್ರಸಂಗ, ಒಟ್ಟು ಮುಕ್ಕಾಲು ಗಂಟೆ. ಯೋಸೇಫನ ಕಥೆ ಮುಗಿಯುವ ತನಕ ಮಕ್ಕಳು ಕೂತರು. ಬಲಿ, ಶುದ್ಧಿಯ ನಿಯಮಗಳೇ ತುಂಬಿರುವ ಮೂರನೇ ಪುಸ್ತಕ ಯಾಜಕಕಾಂಡ ಬಂದಾಗ ಎಲ್ಲ ನಿಂತಿತು. ಆಮೇಲೆ ದುಡ್ಡು ಸುರಿದೆ. ಚಿತ್ರದ ಬೈಬಲ್, ಆಡಿಯೋ ಬೈಬಲ್, ಬಣ್ಣ ತುಂಬುವ ಪುಸ್ತಕ ಅಂತ ಸಂಬಳದ ಕಾಲು ಭಾಗ ಹೋಗಿರಬೇಕು. ಮೂರು ವಾರಕ್ಕೆ ಎಲ್ಲ ಕಪಾಟು ಸೇರಿತು. ಮೂರನೇದು ಇನ್ನೂ ದೊಡ್ಡ ತಪ್ಪು: ಕಂಠಪಾಠದ ವಾಕ್ಯಕ್ಕೆ ಒಂದೊಂದು ನಾಣ್ಯ. ಮಗ ಯೋಹಾನ 11:35ರಿಂದ ("ಯೇಸು ಕಣ್ಣೀರು ಬಿಟ್ಟನು", ಅಷ್ಟೇ) ಶುರು ಮಾಡಿ ಚಿಕ್ಕ ಚಿಕ್ಕ ವಾಕ್ಯಗಳನ್ನೇ ಹುಡುಕಿ ಒಪ್ಪಿಸಿದ. ನಾಣ್ಯ ನಿಂತ ದಿನ ವಾಕ್ಯವೂ ನಿಂತಿತು.

ಕೊನೆಗೆ ಹಿಡಿದದ್ದು ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ. 16 ಅಧ್ಯಾಯ, ಎಲ್ಲೂ ಎಳೆಯುವುದಿಲ್ಲ. ರಾತ್ರಿಗೆ ಒಂದೇ ಘಟನೆ, ಏಳೆಂಟು ವಚನ. ಓದುವವರು ಮಕ್ಕಳು, ಪ್ರಶ್ನೆ ಕೇಳುವವರೂ ಅವರೇ. ಬಿರುಗಾಳಿಯ ಕಥೆ ಓದಿದ ದಿನ ಮಗಳು, "ಅಪ್ಪಾ, ದೋಣಿಗೆ ನೀರು ತುಂಬ್ತಿದ್ರೂ ಯೇಸುಸ್ವಾಮಿಗೆ ನಿದ್ದೆ ಹೇಗೆ ಬಂತು?" ಅಂದಳು. ಉತ್ತರ ಕೊಡದೆ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಎರಡು ದಿನ ಬಿಟ್ಟು ಅವಳೇ ಬಂದು, "ಅವರ ಅಪ್ಪ ನೋಡ್ಕೊಳ್ತಾರೆ ಅಂತ ಗೊತ್ತಿತ್ತು, ಅದಕ್ಕೆ" ಅಂದಳು. ಅವತ್ತು ನನಗೆ ಕಣ್ಣು ತುಂಬಿ ಬಂತು. ಮಾರ್ಕ ಮುಗಿಯಲು ನಾಲ್ಕೈದು ತಿಂಗಳು ಹಿಡಿಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆವು. ಬೈಬಲಿನ 119ನೇ ಕೀರ್ತನೆ ಹೀಬ್ರೂವಿನ 22 ಅಕ್ಷರಗಳ ಕ್ರಮದಲ್ಲಿದೆ ಅಲ್ವಾ? ಹಾಗೇ ನಮ್ಮ ಅಕ್ಷರಮಾಲೆಯಲ್ಲಿ ದಿನಕ್ಕೊಂದು ಸ್ತುತಿಯ ಸಾಲು ಬರೆಯಲು ಕೂತೆವು. 'ಋ' ಹತ್ತಿರ ನಾಲ್ಕು ದಿನ ನಿಂತೆವು, 'ಙ' ಬಂದಾಗ ಬಿಟ್ಟೆವು. ಆದರೂ ಆ ಹಾಳೆ ಗೋಡೆಯ ಮೇಲೆ ಹಾಗೇ ಇದೆ.

ಇದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕ್ಷಮೆ ಕೇಳಿದ್ದು. ಒಂದು ಸಂಜೆ ಮಗನನ್ನು ಸುಮ್ನೆ ಬೈದಿದ್ದೆ. ಅವನು ಪ್ರಾರ್ಥನೆಗೆ ಬರಲಿಲ್ಲ. ಮೊದಲು ಹೋಗಿ ಸಹೋದರನ ಸಂಗಡ ಒಂದಾಗು, ಆಮೇಲೆ ಕಾಣಿಕೆ ಕೊಡು ಅನ್ನುವ ಮತ್ತಾಯ 5:24 ನೆನಪಾಯಿತು. ಬೈಬಲ್ ಮುಚ್ಚಿ ಅವನ ಕೋಣೆಗೆ ಹೋಗಿ, "ತಪ್ಪು ನಂದು ಕಣೋ" ಅಂದೆ. ಅವತ್ತು ಓದಲಿಲ್ಲ, ಹಾಡಲಿಲ್ಲ. ಅಂದಿನಿಂದ ಬೈಬಲ್ ತೆರೆಯುವ ಮುಂಚೆ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತೇವೆ. ಮೊದಲ ಸರದಿ ನನ್ನದು.

ಬಾಯಿ ಬಿಡದ ಮಗ ಗಟ್ಟಿಯಾಗಿ ಪ್ರಾರ್ಥಿಸಲು ಶುರು ಮಾಡಿದ್ದು ಹೇಗೆ ಅಂತ ಹಲವರು ಕೇಳುತ್ತಾರೆ. ಅದು ನಮ್ಮಿಬ್ಬರ ಗುಟ್ಟು, ಹೇಳುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.

ಈಗ ಲೂಕನ ಸುವಾರ್ತೆಯಲ್ಲಿದ್ದೇವೆ, ಒಂಬತ್ತನೇ ಅಧ್ಯಾಯ. ಬುಧವಾರ ಅವನೇ ನಡೆಸುತ್ತಾನೆ. ಅವತ್ತು ನಾನು ನಡುವೆ ಬಾಯಿ ಹಾಕುವುದಿಲ್ಲ.