ಕಾರ್ಡ್ ನನ್ನದೇ, ಬ್ಯಾಂಕ್ ಮಾತ್ರ ಬೇರೆ

ಸಿಟಿ ಬ್ಯಾಂಕಿನ ಪ್ರೀಮಿಯರ್‌ಮೈಲ್ಸ್ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿದ್ದ ನನ್ನಂಥವರಿಗೆ ಒಂದು ಅನುಕೂಲವಂತೂ ಇತ್ತು. ಕಾರ್ಡ್ ಆಕ್ಸಿಸ್ ಬ್ಯಾಂಕಿನ ಪಾಲಾದ ಬದಲಾವಣೆ ರಾತ್ರೋರಾತ್ರಿ ಬಂದದ್ದಲ್ಲ. ಭಾರತವೂ ಸೇರಿ 13 ದೇಶಗಳಲ್ಲಿ ಗ್ರಾಹಕ ಬ್ಯಾಂಕಿಂಗ್‌ನಿಂದ ಹೊರಬರುವುದಾಗಿ ಸಿಟಿ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಇಲ್ಲಿನ ವ್ಯವಹಾರವನ್ನು ಕೊಳ್ಳುವುದಾಗಿ ಆಕ್ಸಿಸ್ ಬ್ಯಾಂಕ್ ಘೋಷಿಸಿದ್ದು 2022ರ ಮಾರ್ಚ್ 30ಕ್ಕೆ, ಕೈಬದಲಾದದ್ದು 2023ರ ಮಾರ್ಚ್ 1ಕ್ಕೆ. ಆಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ಕಾರ್ಡಿನ ಮೇಲೆ ಸಿಟಿ ಹೆಸರೇ, ಫೋನಿನಲ್ಲಿ ಸಿಟಿ ಆ್ಯಪೇ. ಖಾತೆಗಳೆಲ್ಲ ಆಕ್ಸಿಸ್ ವ್ಯವಸ್ಥೆಗೆ ಪೂರ್ತಿ ಹೋದದ್ದು 2024ರ ಜುಲೈ 15ರ ಹೊತ್ತಿಗೆ. ಪ್ರೀಮಿಯರ್‌ಮೈಲ್ಸ್ ಇದ್ದವರ ಕೈಗೆ ಬಂದದ್ದು ಆಕ್ಸಿಸ್ ಹೊರೈಜನ್ ಕಾರ್ಡ್.

ಇಷ್ಟು ಕಾಲಾವಕಾಶ ಇದ್ದರೂ ಗೆಳೆಯರ ನಡುವೆ ಚರ್ಚೆಯೆಲ್ಲ ಒಂದೇ: ಮೈಲ್ಸ್, ಅಂದರೆ ಕಾರ್ಡಿನ ಖರ್ಚಿಗೆ ಸಿಕ್ಕು ವಿಮಾನದ ಟಿಕೆಟ್ಟಿಗೆ ಬಳಸಬಹುದಾದ ಅಂಕಗಳ, ಗತಿ ಏನು? ನನಗೆ ಮಾತ್ರ ಮೈಲ್ಸ್ ಬಗ್ಗೆ ಅಷ್ಟೇನೂ ಆತಂಕ ಇರಲಿಲ್ಲ. ಮೈಲ್ಸ್ ಎರಡೂ ಬ್ಯಾಂಕುಗಳ ಲೆಕ್ಕಪುಸ್ತಕದಲ್ಲಿ ಇರುತ್ತವೆ, ಅವನ್ನು ದಾಟಿಸುವುದು ಅವರ ಕೆಲಸ. ಆದರೆ ಕಾರ್ಡಿನ 16 ಅಂಕಿಗಳಿಗೆ ನಾನೇ ವರ್ಷಗಟ್ಟಲೆ ತಗುಲಿಹಾಕಿದ ಸಣ್ಣಪುಟ್ಟ ಸಂಗತಿಗಳನ್ನು ಯಾರೂ ಹೊತ್ತು ತರುವುದಿಲ್ಲ. ಬಾಡಿಗೆ ಮನೆಯ ಮಾಲೀಕ ಬದಲಾದಂತೆ ಇದು: ನಾವು ಅಲ್ಲೇ ಇರುತ್ತೇವೆ, ಸಾಮಾನೂ ಅಲ್ಲೇ ಇರುತ್ತದೆ, ಬಾಡಿಗೆ ಯಾರ ಖಾತೆಗೆ ಹಾಕಬೇಕು, ನಲ್ಲಿ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದಷ್ಟೇ ಬದಲಾಗಿರುತ್ತದೆ. ಆ ಅಷ್ಟರಲ್ಲೇ ಎಡವಟ್ಟಾಗುವುದು.

ಹಾಗಾಗಿ ಮೊದಲು ಕುಳಿತದ್ದು ಹಿಂದಿನ ಒಂದು ಪೂರ್ತಿ ವರ್ಷದ ಸ್ಟೇಟ್‌ಮೆಂಟ್‌ಗಳ ಮುಂದೆ. ಮೂರು ತಿಂಗಳದ್ದು ಸಾಕು ಅಂತ ಅನ್ನಿಸಬಹುದು, ಸಾಲದು. ತಿಂಗಳಿಗೊಮ್ಮೆ ಕಟ್ಟಾಗುವುದು ಹೇಗೂ ನೆನಪಿರುತ್ತದೆ. ಕಾಡುವುದು ವರ್ಷಕ್ಕೊಮ್ಮೆ ತಲೆಯೆತ್ತುವಂಥವು. ನನ್ನ ಪಟ್ಟಿಯಲ್ಲಿ ವೆಬ್‌ಸೈಟಿನ ಡೊಮೈನ್ ನವೀಕರಣ, ಕ್ಲೌಡ್ ಸಂಗ್ರಹದ ಚಂದಾ, ಫಾಸ್ಟ್‌ಟ್ಯಾಗ್‌ನ ಆಟೋ ರೀಚಾರ್ಜ್ ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತು ಇತ್ತು. ಪ್ರತಿಯೊಂದರ ಎದುರು ಮುಂದಿನ ಸಲ ಯಾವ ತಿಂಗಳು ಬರುತ್ತದೆ ಅಂತ ಬರೆದುಕೊಂಡೆ.

ಇದು ಯಾಕೆ ಬೇಕಾಯಿತು ಅಂದರೆ ನಮ್ಮಲ್ಲಿ ಈಗ ಎರಡು ಬೀಗಗಳಿವೆ. 2021ರ ಅಕ್ಟೋಬರ್ 1ರಿಂದ ತಾನಾಗಿ ಕಟ್ಟಾಗುವ ಪಾವತಿಗಳಿಗೆ ಇ-ಮ್ಯಾಂಡೇಟ್, ಅಂದರೆ ಮುಂಗಡ ಒಪ್ಪಿಗೆ, ಬೇಕು, ಅದನ್ನು ನಾವೇ ಒಟಿಪಿ ಕೊಟ್ಟು ನೋಂದಾಯಿಸಬೇಕು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್ ಎಂಬ ಬದಲಿ ಸಂಕೇತ ಇರುತ್ತದೆ. ಎರಡೂ ಆ ನಿರ್ದಿಷ್ಟ ಕಾರ್ಡಿಗೆ, ಆ ಬ್ಯಾಂಕಿಗೆ ಕಟ್ಟಿಹಾಕಿದ ಗಂಟುಗಳು. ಸಂಖ್ಯೆ ಬದಲಾದರೆ ಹೊಸದಾಗಿ ಕಟ್ಟಬೇಕು. ಭದ್ರತೆಯ ದೃಷ್ಟಿಯಿಂದ ಒಳ್ಳೆಯ ನಿಯಮಗಳೇ, ಅದರಲ್ಲಿ ನನಗೆ ತಕರಾರಿಲ್ಲ. ಕಾರ್ಡ್ ಬದಲಾಗುವ ತಿಂಗಳಲ್ಲಿ ಮಾತ್ರ ಇವು ನಮ್ಮ ಬೆವರಿಳಿಸುತ್ತವೆ.

ಹೊಸ ಕಾರ್ಡ್ ಬಂದ ದಿನ ಎಲ್ಲವನ್ನೂ ಹಾಗೆಹಾಗೇ ಅದಕ್ಕೆ ವರ್ಗಾಯಿಸಲು ಹೋಗಲಿಲ್ಲ. ವಿಮೆಯ ಕಂತನ್ನು ಕಾರ್ಡಿನಿಂದಲೇ ಬಿಡಿಸಿದೆ. ಹೊಸ ಕಾರ್ಡಿನಲ್ಲಿ ವಿಮೆ, ಬಾಡಿಗೆ, ವ್ಯಾಲೆಟ್, ಇಂಧನದ ಖರ್ಚಿಗೆ ಮೈಲ್ಸ್ ಇಲ್ಲ. ಮೈಲ್ಸ್ ಸಿಗದ ಮೇಲೆ ಆ ಕಂತು ಕಾರ್ಡಿನ ಮೇಲೆ ಯಾಕೆ ಕೂರಬೇಕು? ನೇರವಾಗಿ ಉಳಿತಾಯ ಖಾತೆಗೆ ಮ್ಯಾಂಡೇಟ್ ಹಾಕಿದೆ. ಇನ್ನು ಮುಂದೆ ಯಾವ ಕಾರ್ಡ್ ಯಾವ ಬ್ಯಾಂಕಿಗೆ ಹೋದರೂ ಮನೆಯವರ ವಿಮೆಗೆ ಅದರ ಬಿಸಿ ತಟ್ಟುವುದಿಲ್ಲ. ಡೊಮೈನ್, ಕ್ಲೌಡ್ ಥರದ ಚಂದಾಗಳನ್ನು ಹೊಸ ಕಾರ್ಡಿಗೆ ಹಾಕಿದೆ. ಒಂದು ಕಂಪನಿಯ ಜಾಲತಾಣ ಮಾತ್ರ ಹಳೆಯ ಮ್ಯಾಂಡೇಟ್ ರದ್ದಾಗದ ಹೊರತು ಹೊಸದನ್ನು ಸ್ವೀಕರಿಸುವುದಿಲ್ಲ ಎಂದು ಹಟ ಹಿಡಿಯಿತು. ಕಡೆಗೆ ಆ ಚಂದಾ ನಿಲ್ಲಿಸಿ ಹೊಸ ಖಾತೆಯನ್ನೇ ತೆರೆದೆ. ವಾದ ಮಾಡುವುದಕ್ಕಿಂತ ಅದು ಬೇಗ.

ಈಗ ಮೈಲ್ಸ್ ವಿಷಯ. ಇಲ್ಲಿ ಜನ ಮಾಡಿದ ಗಲಾಟೆಗೂ ನಿಜವಾದ ಲೆಕ್ಕಕ್ಕೂ ಬಹಳ ಅಂತರ ಇತ್ತು. ಹಳೆಯ ಕಾರ್ಡಿನಲ್ಲಿ ವಿಮಾನದ ಟಿಕೆಟ್ಟಿಗೆ 100 ರೂಪಾಯಿಗೆ 10 ಮೈಲ್ಸ್, ಉಳಿದ ಖರ್ಚಿಗೆ 4. ಹೊಸದರಲ್ಲಿ 5 ಮತ್ತು 2. ‘ಅರ್ಧಕ್ಕರ್ಧ ಕತ್ತರಿಸಿಬಿಟ್ಟರು’ ಅಂತ ಹಲವರು ಗೊಣಗಿದರು. ಆದರೆ ಹಳೆಯ ಒಂದು ಮೈಲ್‌ನ ಬೆಲೆ ಟಿಕೆಟ್ ಕೊಳ್ಳುವಾಗ 45 ಪೈಸೆ. ಹೊಸ ಕಾರ್ಡಿನ ಮೈಲ್‌ಗೆ ಎಡ್ಜ್ ಮೈಲ್ ಅಂತ ಹೆಸರು, ಆಕ್ಸಿಸ್‌ನ ಟಿಕೆಟ್ ತಾಣವಾದ ಟ್ರಾವೆಲ್ ಎಡ್ಜ್‌ನಲ್ಲಿ ಅದರ ಬೆಲೆ 1 ರೂಪಾಯಿ. ಅಂದರೆ 100 ರೂಪಾಯಿಯ ವಿಮಾನದ ಖರ್ಚಿಗೆ ಮೊದಲು ನಾಲ್ಕೂವರೆ ರೂಪಾಯಿ ಸಿಗುತ್ತಿದ್ದದ್ದು ಈಗ 5 ರೂಪಾಯಿ. ಉಳಿದ ಖರ್ಚಿಗೆ 1 ರೂಪಾಯಿ 80 ಪೈಸೆ ಇದ್ದದ್ದು ಈಗ 2. ಬ್ಯಾಂಕಿನ ಮೈಲ್ಸನ್ನು ವಿಮಾನಯಾನ ಸಂಸ್ಥೆಯ ಸ್ವಂತ ಮೈಲ್ಸ್ ಖಾತೆಗೆ ವರ್ಗಾಯಿಸುವವರಿಗೂ ಇದೇ ಕಥೆ. ಮೊದಲು ಎರಡಕ್ಕೆ ಒಂದು, ಈಗ ಒಂದಕ್ಕೆ ಒಂದು. ಹಳೆಯ 10 ಮೈಲ್ಸ್ ಕೊಟ್ಟರೆ ಆಚೆ ಕಡೆ 5, ಹೊಸ 5 ಕೊಟ್ಟರೂ 5. ಅಂಕಿ ಸಣ್ಣದಾಯಿತು, ಕೊಳ್ಳುವ ಶಕ್ತಿ ಅಲ್ಲ.

ನಿಜವಾಗಿ ನೋಡಬೇಕಾದದ್ದು ಅಂಚಿನ ಷರತ್ತುಗಳನ್ನು. ಪ್ರೀಮಿಯರ್‌ಮೈಲ್ಸ್‌ಗೆ ಅವಧಿ ಮುಗಿಯುವ ಭಯವೇ ಇರಲಿಲ್ಲ. ತೊಡಕು ಇರುವುದು ವರ್ಗಾವಣೆಯಲ್ಲಿ: ಆಕ್ಸಿಸ್ ಮೈಲ್ಸ್ ಕಳಿಸಬಹುದಾದ ಪಾಲುದಾರ ಸಂಸ್ಥೆಗಳನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿದೆ. ಒಂದೇ ಸಲಕ್ಕೆ ದೊಡ್ಡ ಗಂಟು ಬಿಚ್ಚುವ ಯೋಚನೆಯಲ್ಲಿದ್ದವರಿಗೆ ಅಡ್ಡಿಯಾಗುವುದು ಇದು. ಗಳಿಕೆಯ ದರಕ್ಕಿಂತ ಈ ಮಿತಿಯನ್ನು ನಾನು ಹೆಚ್ಚು ಹೊತ್ತು ಓದಿದೆ.

ಬದಲಾವಣೆಗೆ ಮುಂಚೆ ಎಲ್ಲ ಮೈಲ್ಸ್ ಖಾಲಿ ಮಾಡಿಬಿಡೋಣ ಅನ್ನುವ ಆತುರ ನನ್ನ ಸುತ್ತ ಬಹಳ ಕಂಡೆ. ಯಾವುದೋ ವಿಮಾನಯಾನ ಸಂಸ್ಥೆಯ ಖಾತೆಗೆ ಸುರಿದರೆ ಸುರಕ್ಷಿತ ಅಂತ ನಂಬಿಕೆ. ನನ್ನ ಪ್ರಕಾರ ಅದು ತಿರುಗುಮುರುಗು ಯೋಚನೆ. ಬ್ಯಾಂಕಿನಲ್ಲಿರುವ ಮೈಲ್ಸ್ ಹತ್ತು ಕಡೆ ಹೋಗಬಲ್ಲದು. ಒಮ್ಮೆ ದಾಟಿದರೆ ವಾಪಸ್ ಬರುವುದಿಲ್ಲ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಎಂಬ ಮೈಲ್ಸ್ ಯೋಜನೆಗೆ ಕಳಿಸಿದರೆ ಅಲ್ಲಿ 36 ತಿಂಗಳ ಗಡಿಯಾರ ಓಡತೊಡಗುತ್ತದೆ. ಸಾಯದ ಮೈಲ್ಸನ್ನು ಭಯಬಿದ್ದು ಸಾಯುವ ಮೈಲ್ಸ್ ಮಾಡಿಕೊಂಡಂತೆ.

ನಾನು ಅನುಸರಿಸಿದ ಲೆಕ್ಕ ಹೀಗೆ. 40,000 ಹಳೆಯ ಮೈಲ್ಸ್ ಇದೆ ಅಂದುಕೊಳ್ಳಿ. ಟಿಕೆಟ್ಟಿಗೆ ನೇರ ಬಳಸಿದರೆ 18,000 ರೂಪಾಯಿ. ಕ್ರಿಸ್‌ಫ್ಲೈಯರ್‌ಗೆ ಹಾಕಿದರೆ 20,000 ಮೈಲ್ಸ್. ಹಾಗಾದರೆ ಅಲ್ಲಿನ ಪ್ರತಿ ಮೈಲ್ ಕನಿಷ್ಠ 90 ಪೈಸೆ ದುಡಿಯಬೇಕು, ಇಲ್ಲದಿದ್ದರೆ ವರ್ಗಾವಣೆಯೇ ನಷ್ಟ. ನನಗೆ ಬೇಕಾದ ದಿನದ ಬೆಂಗಳೂರು–ಸಿಂಗಪುರ ಟಿಕೆಟ್ಟಿನ ನಗದು ದರ ನೋಡಿ, ಮೈಲ್ಸ್ ಟಿಕೆಟ್ಟಿಗೂ ಕೈಯಿಂದ ಕಟ್ಟಲೇಬೇಕಾದ ತೆರಿಗೆ-ಸುಂಕವನ್ನು ಅದರಿಂದ ಕಳೆದು, ಉಳಿದದ್ದನ್ನು ಬೇಕಾದ ಮೈಲ್ಸ್‌ನಿಂದ ಭಾಗಿಸಿದೆ. 90 ಪೈಸೆಗಿಂತ ಕೆಳಗೆ ಬಂದ ದಿನಾಂಕಗಳನ್ನು ಬಿಟ್ಟೆ. ಚೆನ್ನಾಗಿ ಮೇಲೆ ಬಂದ ಒಂದು ದಿನಾಂಕಕ್ಕೆ ಸೀಟು ಪರದೆಯ ಮೇಲೆ ಕಣ್ಣಾರೆ ಕಂಡ ಮೇಲೆ ಅಷ್ಟಕ್ಕೆ ಬೇಕಾದಷ್ಟನ್ನೇ ವರ್ಗಾಯಿಸಿದೆ. ಉಳಿದದ್ದು ಹಾಗೇ ಇರಲಿ ಅಂತ ಬಿಟ್ಟೆ. ಬಿಡುವ ಮುಂಚೆ ಮೈಲ್ಸ್ ಬಾಕಿ ಕಾಣುವ ಪುಟದ ಸ್ಕ್ರೀನ್‌ಶಾಟನ್ನು ದಿನಾಂಕ ಸಮೇತ ತೆಗೆದಿಟ್ಟೆ. ಹೊಸ ಖಾತೆಯಲ್ಲಿ ಅಂಕಿ ಕಂಡ ದಿನ, ಬ್ಯಾಂಕ್ ಪತ್ರದಲ್ಲಿ ಹೇಳಿದ್ದ ಅನುಪಾತದಿಂದ ಗುಣಿಸಿ ತಾಳೆ ನೋಡಿದೆ. ಸರಿಯಿತ್ತು.

ಹಳೆಯ ಸ್ಟೇಟ್‌ಮೆಂಟ್‌ಗಳನ್ನೂ ಆ್ಯಪ್ ಇರುವಾಗಲೇ ಇಳಿಸಿಕೊಂಡೆ. ಆದಾಯ ತೆರಿಗೆಯ ಕೆಲಸಕ್ಕೋ, ಯಾವುದೋ ವಸ್ತುವಿನ ವಾರಂಟಿಗೋ ಮುಂದೊಂದು ದಿನ ಬೇಕಾಗುತ್ತವೆ.

ಬಿಲ್ ಕಟ್ಟುವ ದಾರಿಯೂ ಬದಲಾಯಿತು. ನಾನು ಬೇರೆ ಬ್ಯಾಂಕಿನ ಖಾತೆಯಿಂದ ಕಟ್ಟುವವನು. ಅಲ್ಲಿ ಹಣ ಪಡೆಯುವ ಫಲಾನುಭವಿ ಎಂದು ಉಳಿಸಿಟ್ಟಿದ್ದ ಹಳೆಯ ಸಿಟಿ ಕಾರ್ಡಿನ ವಿವರವನ್ನು ತೆಗೆದುಹಾಕಿದೆ, ಅಭ್ಯಾಸಬಲದಿಂದ ಬೆರಳು ಅಲ್ಲಿಗೇ ಹೋಗುತ್ತದಲ್ಲ. ಮೊದಲೆರಡು ಬಿಲ್ಲುಗಳನ್ನು ಆಟೋ ಪೇ ನಂಬದೆ ಗಡುವಿಗೆ ಮುಂಚೆಯೇ ಕೈಯಾರೆ ಕಟ್ಟಿದೆ. ಗಡುವು ದಾಟಿ 3 ದಿನಕ್ಕಿಂತ ಹೆಚ್ಚಾದರೆ ಮಾತ್ರ ಬ್ಯಾಂಕು ಸಿಬಿಲ್‌ನಂಥ ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ಬಾಕಿದಾರ ಎಂದು ವರದಿ ಮಾಡಬೇಕು ಅನ್ನುವ ಆರ್‌ಬಿಐ ನಿಯಮ ಇದೆ ನಿಜ, ಅದನ್ನು ಅಂಗಡಿಯವರ ರಿಯಾಯಿತಿಯಂತೆ ಬಳಸುವ ಧೈರ್ಯ ನನಗಿಲ್ಲ.

ಕೆಲವು ತಿಂಗಳ ನಂತರ ಸಿಬಿಲ್ ವರದಿ ತೆಗೆಸಿದೆ. ವರ್ಷಕ್ಕೊಂದು ಪೂರ್ಣ ವರದಿ ಉಚಿತ. ನೋಡಬೇಕಾದದ್ದು ಎರಡು: ಒಂದೇ ಕಾರ್ಡ್ ಎರಡು ಬ್ಯಾಂಕುಗಳ ಹೆಸರಿನಲ್ಲಿ ಚಾಲ್ತಿ ಎಂದು ಕಾಣುತ್ತಿಲ್ಲ ತಾನೆ, ಮತ್ತು ಖಾತೆ ತೆರೆದ ದಿನಾಂಕ ಹಳೆಯದೇ ಇದೆಯೇ. ಹಳೆಯ ಕಾರ್ಡಿನ ವಯಸ್ಸು ಸಾಲದ ಅಂಕಕ್ಕೆ ಬಲ ಕೊಡುವ ಸಂಗತಿ, ಅದನ್ನು ಸುಮ್ಮನೆ ಕಳೆದುಕೊಳ್ಳಬಾರದು. ನನ್ನದರಲ್ಲಿ ಎರಡೂ ನೆಟ್ಟಗಿದ್ದವು.

ಪ್ರಯಾಣದ ಕಾರ್ಡ್ ಆದ್ದರಿಂದ ಇನ್ನೊಂದು ಮಾತು. 2020ರಲ್ಲಿ ಬಂದ ನಿಯಮದ ಪ್ರಕಾರ ಹೊಸದಾಗಿ ಕೊಟ್ಟ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗಷ್ಟೇ ತೆರೆದಿರುತ್ತದೆ. ಆನ್‌ಲೈನ್, ಟ್ಯಾಪ್, ವಿದೇಶಿ ಬಳಕೆ ಎಲ್ಲವನ್ನೂ ನಾವೇ ಆ್ಯಪಿನಲ್ಲಿ ಆನ್ ಮಾಡಬೇಕು. ಹಳೆಯ ಕಾರ್ಡಿನಲ್ಲಿ ಎಂದೋ ಆನ್ ಮಾಡಿದ್ದು ಹೊಸದಕ್ಕೂ ಅನ್ವಯಿಸುತ್ತದೆ ಅಂದುಕೊಂಡು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದರೆ ಫಜೀತಿ. ಮನೆಯಲ್ಲೇ ಕುಳಿತು ಆನ್ ಮಾಡಿ, ಮಿತಿಯನ್ನೂ ಹಾಕಿ, ಒಂದು ಸಣ್ಣ ವಿದೇಶಿ ಆನ್‌ಲೈನ್ ಪಾವತಿ ಮಾಡಿ ಪರೀಕ್ಷಿಸಿದ ಮೇಲೆಯೇ ಹೊರಟದ್ದು. ಹಳೆಯ ಕಾರ್ಡಿನಲ್ಲಿ ಕಾಯ್ದಿರಿಸಿದ್ದ ಹೋಟೆಲಿಗೆ ಮೊದಲೇ ಮೇಲ್ ಹಾಕಿ ಹೊಸ ಕಾರ್ಡ್ ತೋರಿಸಿದರೆ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುತ್ತದೆ ಎಂಬ ಉತ್ತರವನ್ನು ಪ್ರಿಂಟ್ ಮಾಡಿಕೊಂಡೆ, ಜೊತೆಗೆ ನಿಷ್ಕ್ರಿಯವಾದ ಹಳೆಯ ಪ್ಲಾಸ್ಟಿಕ್ಕನ್ನೂ ಇಟ್ಟುಕೊಂಡು ಹೋದೆ. ಪ್ರವಾಸ ಮುಗಿಸಿ ಬಂದ ಮೇಲೆ ಕತ್ತರಿಸಿದೆ.

ಬ್ಯಾಂಕ್ ಬದಲಾಗುವ ಕಾಲ ವಂಚಕರಿಗೆ ಸುಗ್ಗಿ. ‘ಮೈಲ್ಸ್ ಇವತ್ತೇ ಲ್ಯಾಪ್ಸ್ ಆಗುತ್ತೆ, ಈ ಆ್ಯಪ್ ಹಾಕಿಕೊಳ್ಳಿ’ ಅನ್ನುವ ಸಂದೇಶ ನನಗೂ ಬಂತು. ಕಾರ್ಡಿನ ಹೆಸರು, ಬದಲಾವಣೆಯ ತಿಂಗಳು ಎಲ್ಲ ಸರಿಯಾಗಿಯೇ ಇತ್ತು, ಪತ್ರಿಕೆ ಓದುವ ಯಾರಿಗಾದರೂ ಅಷ್ಟು ಗೊತ್ತಿರುತ್ತದೆ. ಅಂಥ ಕೊಂಡಿಗಳನ್ನು ಮುಟ್ಟದೆ, ಕಾರ್ಡಿನ ಹಿಂಬದಿಯ ಸಂಖ್ಯೆಗೆ ನಾನೇ ಫೋನ್ ಮಾಡಿದೆ. ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನು ಉಳಿದದ್ದು ಈ ಕಾರ್ಡನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು. ವಾರ್ಷಿಕ ಶುಲ್ಕ 3,000, ಜಿಎಸ್‌ಟಿ ಸೇರಿ 3,540. ನವೀಕರಣಕ್ಕೆ 1,500 ಎಡ್ಜ್ ಮೈಲ್ಸ್ ಬರುತ್ತವೆ, ಅಂದರೆ 1,500 ರೂಪಾಯಿ ವಾಪಸ್. ಉಳಿದ 2,040 ರೂಪಾಯಿಯನ್ನು ಕಾರ್ಡೇ ದುಡಿಯಬೇಕು. ಶುಲ್ಕವಿಲ್ಲದ, ಶೇ 1ರಷ್ಟು ಕೊಡುವ ಕಾರ್ಡಿಗೆ ಹೋಲಿಸಿದರೆ ಇದು ವಿಮಾನದ ಖರ್ಚಿಗೆ ಶೇ 4 ಹೆಚ್ಚು ಕೊಡುತ್ತದೆ. ವರ್ಷಕ್ಕೆ 51,000 ರೂಪಾಯಿಯ ಟಿಕೆಟ್ ಕೊಂಡರೆ ಸರಿಸಮ. ಮನೆಮಂದಿಯ ಪ್ರಯಾಣ ಅದಕ್ಕಿಂತ ಹೆಚ್ಚಿರುವ ವರ್ಷ ಶುಲ್ಕ ಕಟ್ಟುತ್ತೇನೆ. ಇಲ್ಲದ ವರ್ಷ ಬಾಕಿ ತೀರಿಸಿ, ಮೈಲ್ಸ್ ಖಾಲಿ ಮಾಡಿ, ಮುಚ್ಚಲು ಅರ್ಜಿ ಹಾಕುತ್ತೇನೆ. ಅರ್ಜಿ ಬಂದ 7 ಕೆಲಸದ ದಿನಗಳಲ್ಲಿ ಬ್ಯಾಂಕ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೇ ಕೊಡಬೇಕು ಎಂದು ಆರ್‌ಬಿಐನ 2022ರ ನಿರ್ದೇಶನದಲ್ಲಿದೆ.