ಚಿಕ್ಕಮ್ಮನ ಫೈರ್‌ಫಾಕ್ಸ್ ರಿಪೇರಿ: ನನ್ನ ಅನುಭವ

ಹನುಮಂತನಗರದಲ್ಲಿರೋ ನಮ್ಮ ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 20.04 (ವಿಂಡೋಸ್ ತರಹದ ಒಂದು ಆಪರೇಟಿಂಗ್ ಸಿಸ್ಟಂ) ಇತ್ತು. ಅದರ ಮಾಮೂಲಿ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಹಾಗಾಗಿ ಒಂದು ಭಾನುವಾರ ಹೋಗಿ 22.04ಕ್ಕೆ ಅಪ್‌ಗ್ರೇಡ್ ಮಾಡಲು ಕೂತೆ. ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು, ಆದರೆ ರೂಟರ್ ಆಫ್ ಆಯಿತು. ಆಗ ತೆರೆಯ ಮೇಲೆ ಒಂದು ಪ್ರಶ್ನೆ ಬಂತು: ಸ್ನ್ಯಾಪ್ ಸ್ಟೋರ್ (ಪ್ರೋಗ್ರಾಂ ಇಳಿಸಿಕೊಳ್ಳೋ ಆನ್‌ಲೈನ್ ಅಂಗಡಿ) ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಬೇಕೋ, ನಿಲ್ಲಿಸಬೇಕೋ, ಬಿಟ್ಟು ಮುಂದೆ ಹೋಗಬೇಕೋ ಅಂತ. ಅಪ್‌ಗ್ರೇಡ್ ಮಧ್ಯದಲ್ಲಿ ನಿಲ್ಲಬಾರದು ಅನ್ನೋ ಯೋಚನೆಯಲ್ಲಿ ನಾನು ‘ಸ್ಕಿಪ್’ ಒತ್ತಿದೆ.

ಮಾರನೇ ದಿನ ಬೆಳಗ್ಗೆ ಫೋನ್. “ಪುಟ್ಟಾ, ಫೈರ್‌ಫಾಕ್ಸ್ ಒತ್ತಿದ್ರೆ ಏನೂ ಆಗ್ತಿಲ್ಲ ಕಣೋ. ನನ್ನ ಪಾಸ್‌ವರ್ಡ್ ಎಲ್ಲಾ ಅದರಲ್ಲೇ ಇದೆ, ಒಂದೂ ನೆನಪಿಲ್ಲ.”

ಅವರು ರಿಟೈರ್ ಆದ ಮೇಲೆ ದಿನಾ ಮಧ್ಯಾಹ್ನ ಕನ್ನಡ ವಿಕಿಸೋರ್ಸ್ ಅನ್ನೋ ಉಚಿತ ಆನ್‌ಲೈನ್ ಗ್ರಂಥಾಲಯದಲ್ಲಿ ಹಳೇ ಪುಸ್ತಕಗಳ ಸ್ಕ್ಯಾನ್ ಪುಟ ತಿದ್ದುತ್ತಾರೆ. ಆ ಕೆಲಸ ಒಂದು ದಿನ ನಿಂತರೂ ಅವರಿಗೆ ಬೇಜಾರು. ಸಂಜೆ ಆಫೀಸಿನಿಂದ ನೇರ ಅವರ ಮನೆಗೆ ಹೋದೆ.

ಬ್ರೌಸರ್ ತೆರೆಯದಿದ್ದರೆ ಎಲ್ಲರೂ ಮೊದಲು ಅದನ್ನು ತೆಗೆದು ಮತ್ತೆ ಹಾಕಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆರೆದು ಅಲ್ಲಿ ‘ಫೈರ್‌ಫಾಕ್ಸ್’ ಅಂತ ಟೈಪ್ ಮಾಡಿ. ಐಕಾನ್ ಒತ್ತಿದಾಗ ಕಾಣದ ಮಾತು ಅಲ್ಲಿ ಕಾಣುತ್ತದೆ. ನನಗೆ ಬಂದ ಉತ್ತರ ಸ್ಪಷ್ಟವಾಗಿತ್ತು: ಈ ಕಮಾಂಡ್‌ಗೆ ಫೈರ್‌ಫಾಕ್ಸ್ ಸ್ನ್ಯಾಪ್ ಬೇಕು, ಅದನ್ನು ಇನ್‌ಸ್ಟಾಲ್ ಮಾಡಿ ಅಂತ. 22.04ರಿಂದ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬರೋದು ಸ್ನ್ಯಾಪ್ ಪ್ಯಾಕೇಜ್ ಆಗಿ, ಅಂದರೆ ತನಗೆ ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡು ಬರೋ ಮೂಟೆಯಾಗಿ. ಏಪಿಟಿಯಲ್ಲಿ (ಉಬುಂಟುವಿನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಹಳೇ ಸಾಧನ) ಕಾಣೋ ‘ಫೈರ್‌ಫಾಕ್ಸ್’ ಬರೀ ಹೆಸರಿಗೆ, ಒಳಗೆ ಬ್ರೌಸರ್ ಇಲ್ಲ, ಸ್ನ್ಯಾಪ್ ಕಡೆ ದಾರಿ ತೋರಿಸೋ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ನಾನು ಸ್ಕಿಪ್ ಒತ್ತಿದ್ದರಿಂದ ಹಳೇದು ಹೋಯಿತು, ಹೊಸದು ಬರಲಿಲ್ಲ. ಅಷ್ಟೇ.

ಏನನ್ನೂ ಮುಟ್ಟುವ ಮೊದಲು ಹೋಮ್ ಫೋಲ್ಡರ್‌ನಲ್ಲಿ ಅಡಗಿರೋ ‘.ಮೊಜಿಲ್ಲಾ’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಬುಕ್‌ಮಾರ್ಕ್, ಹಿಸ್ಟರಿ ‘ಪ್ಲೇಸಸ್’ ಅನ್ನೋ ಫೈಲ್‌ನಲ್ಲಿರುತ್ತವೆ. ಪಾಸ್‌ವರ್ಡ್‌ಗಳು ‘ಲಾಗಿನ್ಸ್’ ಫೈಲ್‌ನಲ್ಲಿ, ಅದನ್ನು ಬಿಡಿಸೋ ಬೀಗದಕೈ ‘ಕೀ4’ ಫೈಲ್‌ನಲ್ಲಿ. ಈ ಎರಡೂ ಜೊತೆಗೇ ಇರಬೇಕು, ಒಂದನ್ನು ಮಾತ್ರ ಉಳಿಸಿದರೆ ಪಾಸ್‌ವರ್ಡ್ ಸಿಗೋದಿಲ್ಲ. ಅದಕ್ಕೇ ಇಡೀ ಫೋಲ್ಡರ್ ಕಾಪಿ ಮಾಡೋದೇ ವಾಸಿ. ಆಮೇಲೆ ಸ್ನ್ಯಾಪ್ ಇನ್‌ಸ್ಟಾಲ್ ಮಾಡಿದೆ. ಮೊದಲ ಸಲ ತೆರೆದಾಗ ಹಳೇ ಪ್ರೊಫೈಲನ್ನು (ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಇರೋ ಫೋಲ್ಡರ್) ಅದೇ ಎಳೆದುಕೊಂಡಿತು. ಚಿಕ್ಕಮ್ಮನ ಮುಖ ನೋಡಬೇಕಿತ್ತು.

ಆದರೆ ನಾಲ್ಕು ದಿನಕ್ಕೆ ಮತ್ತೆ ಫೋನ್. ಅವರಿಗಾಗಿ ನಾನು ಹಿಂದೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ತಿದ್ದಬೇಕಾದ ಪುಟಗಳ ಪಟ್ಟಿ ಮಾಡಿ, ತಾತ್ಕಾಲಿಕ ಫೈಲ್‌ಗಳ ‘ಟೆಂಪ್’ ಫೋಲ್ಡರ್‌ನಲ್ಲಿಟ್ಟು, ಬ್ರೌಸರ್‌ನಲ್ಲಿ ತೆರೆಯುತ್ತಿತ್ತು. ಈಗ ‘ಫೈಲ್ ಸಿಗಲಿಲ್ಲ’ ಅನ್ನುತ್ತಿದೆ. ಫೈಲ್ ಅಲ್ಲೇ ಇದೆ, ನಾನೇ ನೋಡಿದೆ. ಕಾರಣ ಏನಂದ್ರೆ, ಸ್ನ್ಯಾಪ್ ಪ್ರೋಗ್ರಾಂಗಳಿಗೆ ತಮ್ಮದೇ ಬೇರೆ ಟೆಂಪ್ ಇರುತ್ತದೆ, ಸಿಸ್ಟಂನ ಟೆಂಪ್ ಅವಕ್ಕೆ ಕಾಣೋದಿಲ್ಲ. ಸುರಕ್ಷತೆಗೆ ಇದು ಒಳ್ಳೇದೇ. ಸ್ಕ್ರಿಪ್ಟ್ ಬದಲಿಸಿದ್ದರೂ ಆಗುತ್ತಿತ್ತು. ಆದರೆ ಅವರ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಬೆಳಗ್ಗೆ ಮೊದಲ ಸಲ ಸ್ನ್ಯಾಪ್ ತೆರೆಯಲು ಜಾಸ್ತಿ ಹೊತ್ತು ಬೇಕಾಗುತ್ತಿತ್ತು, ಒಳಗಿರೋದೆಲ್ಲ ಒತ್ತಿ ಕಟ್ಟಿದ ಮೂಟೆ ಅಲ್ವಾ, ಬಿಚ್ಚಬೇಕು. ಹಾಗಾಗಿ ಡೆಬ್ ಪ್ಯಾಕೇಜ್‌ಗೇ (ಏಪಿಟಿ ಇನ್‌ಸ್ಟಾಲ್ ಮಾಡೋ ಹಳೇ ಬಗೆಯದು) ಹೋಗೋಣ ಅಂತ ತೀರ್ಮಾನಿಸಿದೆ. 2024ರ ಜನವರಿಯಿಂದ ಮೊಜಿಲ್ಲಾದವರೇ ತಮ್ಮ ಏಪಿಟಿ ರೆಪೊಸಿಟರಿಯಲ್ಲಿ (ಪ್ಯಾಕೇಜ್‌ಗಳ ಭಂಡಾರ) ಅದನ್ನು ಕೊಡುತ್ತಿದ್ದಾರೆ.

ಮೊಜಿಲ್ಲಾದವರ ಸಹಿಯ ಕೀ (ಪ್ಯಾಕೇಜ್ ಅವರದ್ದೇ ಅಂತ ಖಚಿತಪಡಿಸೋ ಫೈಲ್) ಇಳಿಸಿ ಕೀರಿಂಗ್ಸ್ ಫೋಲ್ಡರ್‌ಗೆ ಹಾಕಿ, ರೆಪೊಸಿಟರಿ ವಿಳಾಸ ಸೇರಿಸೋದು ಸುಲಭ. ಜನ ಎಡವೋದು ಮುಂದಿನದರಲ್ಲಿ. ಉಬುಂಟುವಿನ ಆ ಹೆಸರಿಗಷ್ಟೇ ಇರೋ ‘ಫೈರ್‌ಫಾಕ್ಸ್’ ಪ್ಯಾಕೇಜ್‌ನ ವರ್ಷನ್ ‘1:1ಸ್ನ್ಯಾಪ್1’ ಅಂತ ಶುರುವಾಗುತ್ತದೆ. ಆ ಮೊದಲ ‘1:’ ಇದೆಯಲ್ಲ, ಅದಿದ್ದರೆ ಏಪಿಟಿ ಲೆಕ್ಕದಲ್ಲಿ ಅದೇ ದೊಡ್ಡದು. ಮೊಜಿಲ್ಲಾದ ವರ್ಷನ್ 140 ಇರಲಿ, 200 ಇರಲಿ, ‘1:’ ಇಲ್ಲದ್ದರಿಂದ ಅದು ಹಳೇದು ಅಂತಲೇ ಲೆಕ್ಕ. ಸುಮ್ನೆ ಇನ್‌ಸ್ಟಾಲ್ ಅಂದರೆ ಮತ್ತೆ ಸ್ನ್ಯಾಪ್ ಕಡೆಗೇ ಹೋಗುತ್ತದೆ. ಅದಕ್ಕೆ ಏಪಿಟಿಯ ಪ್ರಿಫರೆನ್ಸಸ್ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಮೊಜಿಲ್ಲಾದ ರೆಪೊಸಿಟರಿಗೆ ಪ್ರಯಾರಿಟಿ 1000 ಅಂತ ಬರೆಯಬೇಕು. 1000 ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟರೆ ಏಪಿಟಿ ತಾನಾಗೇ ಚಿಕ್ಕ ವರ್ಷನ್‌ಗೆ ಇಳಿಯಲು ಒಪ್ಪುತ್ತದೆ. ಡೌನ್‌ಗ್ರೇಡ್ ಆಗುತ್ತೆ ಅಂತ ಎಚ್ಚರಿಸುತ್ತದೆ, ಹೆದರಬೇಡಿ, ಹೂಂ ಅನ್ನಿ.

ಸ್ನ್ಯಾಪ್ ತೆಗೆಯುವ ಮೊದಲು ಇನ್ನೊಂದು ಸಲ ಕಾಪಿ ಮಾಡಿದೆ. ಆ ನಾಲ್ಕು ದಿನದ ಹೊಸ ಬುಕ್‌ಮಾರ್ಕ್‌ಗಳು ಹಳೇ ಜಾಗದಲ್ಲಿರಲಿಲ್ಲ, ಹೋಮ್‌ನ ‘ಸ್ನ್ಯಾಪ್’ ಫೋಲ್ಡರ್ ಒಳಗೆ ‘ಫೈರ್‌ಫಾಕ್ಸ್’, ಅದರೊಳಗೆ ‘ಕಾಮನ್’ ಅಂತ ಹೋದರೆ ಸಿಗುತ್ತವೆ. ಮರೆತು ಸ್ನ್ಯಾಪ್ ತೆಗೆದುಬಿಟ್ಟರೂ, ಪರ್ಜ್ (ಪೂರ್ತಿ ಅಳಿಸು) ಅಂತ ಕೊಡದಿದ್ದರೆ, 31 ದಿನ ಅದರ ಸ್ನ್ಯಾಪ್‌ಶಾಟ್ (ಕಾಪಿ) ಉಳಿದಿರುತ್ತದೆ, ‘ಸ್ನ್ಯಾಪ್ ಸೇವ್ಡ್’ ಅಂತ ಕೊಟ್ಟು ನೋಡಿ. ಹೊಸ ಫೈರ್‌ಫಾಕ್ಸನ್ನು ‘-ಪಿ’ ಸೇರಿಸಿ ತೆರೆದರೆ ಪ್ರೊಫೈಲ್ ಆರಿಸೋ ಕಿಟಕಿ ಬರುತ್ತದೆ. ಅಲ್ಲಿ ಕಾಪಿ ಮಾಡಿದ ಫೋಲ್ಡರನ್ನು ತೋರಿಸಿದೆ. ಎಲ್ಲವೂ ಇದ್ದ ಹಾಗೇ ಬಂತು.

ಕೊನೆಗೆ ಕನ್ನಡ ಭಾಷೆಯ ಪ್ಯಾಕೇಜ್ ‘ಫೈರ್‌ಫಾಕ್ಸ್-ಎಲ್10ಎನ್-ಕೆಎನ್’ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡ ಮಾಡಿದೆ. ಚಿಕ್ಕಮ್ಮ ಮೆನು ಎಲ್ಲ ಒಂದೊಂದಾಗಿ ಓದಿ, “ಇದು ಮುಂಚೇನೇ ಹಾಕಿಕೊಡಬಾರದಿತ್ತಾ?” ಅಂದರು.

ಮುಂದಿನ ವಾರ ಅಪ್‌ಡೇಟ್ ಬಂದ ಮೇಲೆ ಹೋಗಿ ‘ಏಪಿಟಿ ಪಾಲಿಸಿ ಫೈರ್‌ಫಾಕ್ಸ್’ ಕೊಟ್ಟು ನೋಡಿದೆ. ಮೊಜಿಲ್ಲಾದ ಸಾಲಿನ ಮುಂದೆ 1000 ಹಾಗೇ ಇತ್ತು, ಇನ್‌ಸ್ಟಾಲ್ ಆಗಿರೋದೂ ಅದೇ. ಚಿಕ್ಕಮ್ಮ ಆಗಲೇ ಮೂರು ಪುಟ ತಿದ್ದಿ ಮುಗಿಸಿದ್ದರು.