ಬೀದಿ ತಿಂಡಿ ಹಬ್ಬ ಮಾಡುವುದಿದ್ದರೆ ಮೊದಲು ನೀರಿನ ಲೆಕ್ಕ ಹಾಕಿ

ದೊಡ್ಡ ಊರಿನಲ್ಲಿ ಒಂದು ಬೀದಿಯವರೆಲ್ಲ ಸೇರಿ ತಿಂಡಿ ಹಬ್ಬ ಮಾಡೋಣ ಅಂತ ಕೂತರೆ, ಮೊದಲ ಸಭೆಯಲ್ಲೇ ಮಾತು ವೇದಿಕೆ, ಬ್ಯಾನರು, ಅತಿಥಿಗಳ ಕಡೆಗೆ ಹೋಗುತ್ತದೆ. ನಾನು ಇಂಥ ಹಬ್ಬಗಳಲ್ಲಿ ನೀರು, ಕಸ, ಜನರ ಸಾಲು ನೋಡಿಕೊಳ್ಳುವವಳು. ಹಾಗಾಗಿ ನಾನು ಕೇಳುವುದು ಬೇರೆ. ತಟ್ಟೆ ಹಿಡಿದವರು ಎಲ್ಲಿ ನಿಂತು ತಿನ್ನುತ್ತಾರೆ? ಕೈ ಎಲ್ಲಿ ತೊಳೆಯುತ್ತಾರೆ? ಖಾಲಿ ತಟ್ಟೆ ಎಲ್ಲಿ ಹಾಕುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಅಡುಗೆಯವರಿಗೆ ಅವರ ಕೆಲಸ ಚೆನ್ನಾಗಿ ಗೊತ್ತು. ಅವರು ನೆಮ್ಮದಿಯಾಗಿ ಮಾಡಬೇಕು, ಬಂದವರು ನೆಮ್ಮದಿಯಾಗಿ ತಿನ್ನಬೇಕು. ಅದಕ್ಕೆ ಬೇಕಾದ ಏರ್ಪಾಟು ನಮ್ಮ ಪಾಲಿಗೆ ಬಿಟ್ಟದ್ದು.

ಬೀದಿಯನ್ನು ನಡೆದು ನೋಡಿ

ಹಬ್ಬ ಯಾವ ವಾರ, ಯಾವ ಹೊತ್ತಿಗೋ ಅದೇ ವಾರ, ಅದೇ ಹೊತ್ತಿಗೆ ಮುಂಚೆಯೇ ಒಮ್ಮೆ ಆ ಬೀದಿಯಲ್ಲಿ ನಡೆಯಿರಿ. ಬಿಸಿಲು ಯಾವ ಕಡೆ ಬೀಳುತ್ತದೆ, ಇಳಿಜಾರು ಎಲ್ಲಿದೆ, ಚರಂಡಿ ಎಲ್ಲಿ ತೆರೆದಿದೆ, ಯಾವ ದೀಪ ಉರಿಯುವುದಿಲ್ಲ, ಎಲ್ಲವನ್ನೂ ಒಂದು ಕಾಗದದಲ್ಲಿ ಗುರುತು ಮಾಡಿ. ಆಮೇಲೆ ಬೀದಿಯ ಉದ್ದಕ್ಕೂ ಸುಮಾರು 4 ಮೀಟರ್ ಅಗಲದ ದಾರಿಯನ್ನು ಖಾಲಿ ಬಿಡಿ. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಬರುವುದು ಅಲ್ಲೇ. ನಿಮ್ಮ ಊರಿನ ನಿಯಮ ಇನ್ನೂ ಜಾಸ್ತಿ ಕೇಳಿದರೆ ಅಷ್ಟು ಬಿಡಬೇಕು. ಅಲ್ಲಿ ಒಂದು ಕುರ್ಚಿ ಕೂಡ ಇಡಲು ಬಿಡಬೇಡಿ.

ಅಂಗಡಿಗೆ ಎಷ್ಟು ಜಾಗ ಅಂತ ಎಲ್ಲರೂ ಅಳೆಯುತ್ತಾರೆ. ಸಾಲಿಗೆ ಎಷ್ಟು ಜಾಗ ಅಂತ ಅಳೆಯುವವರು ಕಡಿಮೆ. ಸಾಲಿನಲ್ಲಿ ನಿಂತ ಒಬ್ಬರಿಗೆ ಅರ್ಧ ಮೀಟರ್ ಹಿಡಿದರೂ 30 ಜನಕ್ಕೆ 15 ಮೀಟರ್ ಆಯಿತು. ಅದು ರಸ್ತೆಗೆ ಅಡ್ಡ ಬೆಳೆದರೆ ಇಡೀ ಬೀದಿ ನಿಂತುಬಿಡುತ್ತದೆ. ಅದಕ್ಕೇ ಸಾಲು ಅಂಗಡಿಯ ಪಕ್ಕಕ್ಕೆ, ಬೀದಿಯ ಉದ್ದಕ್ಕೆ ತಿರುಗುವ ಹಾಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಗೆರೆ ಇದ್ದರೆ ಜನ ತಾವಾಗಿಯೇ ಅದರ ಮೇಲೆ ನಿಲ್ಲುತ್ತಾರೆ, ಕೂಗಿ ಹೇಳಬೇಕಾಗಿಲ್ಲ.

ಜಾಸ್ತಿ ಜನ ಮುಗಿಬೀಳುವ ಅಂಗಡಿಯನ್ನು ಬಾಗಿಲಲ್ಲೇ ಇಡಬೇಡಿ. ಅಂಥವು ಎರಡು ಮೂರು ಇದ್ದರೆ ಒಂದರಿಂದ ಒಂದು ದೂರ ಇರಲಿ. ಒಂದು ಚದರ ಮೀಟರಿನಲ್ಲಿ ಇಬ್ಬರು ಇದ್ದರೆ ಆರಾಮ. ನಾಲ್ವರಾದರೆ ಇಕ್ಕಟ್ಟು. ಐದು ದಾಟಿದರೆ ಅಪಾಯ, ಯಾಕೆಂದರೆ ಅಲ್ಲಿಂದ ಮುಂದೆ ಯಾರ ನಡಿಗೆಯೂ ಅವರವರ ಹಿಡಿತದಲ್ಲಿ ಇರುವುದಿಲ್ಲ, ಹಿಂದಿನವರು ತಳ್ಳಿದ ಕಡೆಗೆ ಹೋಗಬೇಕು. ಆ ಹಂತಕ್ಕೆ ಬರುವ ಮುಂಚೆಯೇ ಒಳಗೆ ಬಿಡುವುದನ್ನು ನಿಲ್ಲಿಸಬೇಕು. ಇದನ್ನು ಯಾರು ನಿರ್ಧರಿಸುತ್ತಾರೆ ಅಂತ ಮೊದಲೇ ಒಬ್ಬರ ಹೆಸರು ಬರೆದಿಡಿ. ಹೊರಗೆ ಹೋಗಲು ಕನಿಷ್ಠ ಎರಡು ದಾರಿ ಇರಲೇಬೇಕು.

ಪರವಾನಗಿಯ ವಿಷಯ ಊರಿಂದ ಊರಿಗೆ ಬೇರೆ. ರಸ್ತೆ ಮುಚ್ಚಲು, ಧ್ವನಿವರ್ಧಕಕ್ಕೆ, ಆಹಾರ ಮಾರಲು, ಬೆಂಕಿ ಸುರಕ್ಷತೆಗೆ, ವಿದ್ಯುತ್ತಿಗೆ ಬೇರೆ ಬೇರೆ ಕಚೇರಿ ಇರಬಹುದು. ಬೇಗ ಶುರು ಮಾಡಿ, ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಅಷ್ಟೇ ಮುಖ್ಯವಾದದ್ದು ಬೀದಿಯ ಮನೆಮನೆಗೆ ಹೋಗಿ ಹೇಳುವುದು. ಒಂದು ಮನೆಯಲ್ಲಿ ಉಸಿರಾಟದ ತೊಂದರೆ ಇರುವ ಹಿರಿಯರು ಇರುತ್ತಾರೆ. ಅವರ ಕಿಟಕಿಯ ಕೆಳಗೆ ಕರಿಯುವ ಬಾಣಲೆ ಇಡಬಾರದು, ಅಲ್ವಾ? ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇರುತ್ತಾರೆ. ಇದು ಬಾಗಿಲು ತಟ್ಟಿದರೆ ಮಾತ್ರ ಗೊತ್ತಾಗುತ್ತದೆ.

ಯಾರಿಗೆ ಜಾಗ ಕೊಡಬೇಕು

ಈ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಆ ಬೀದಿಯಲ್ಲಿ ದಿನವೂ ತಳ್ಳುಗಾಡಿ ನಿಲ್ಲಿಸಿ ಮಾರುವವರಿಗೆ ಮೊದಲ ಜಾಗ. ರಸ್ತೆ ಮುಚ್ಚಿದ ದಿನ ಅವರ ವ್ಯಾಪಾರವೂ ಮುಚ್ಚಿಹೋದರೆ, ಅದು ಯಾರ ಹಬ್ಬ? ಅವರು ಕೇಳಿಕೊಂಡು ಬರಲಿ ಅಂತ ಕಾಯಬೇಡಿ, ನೀವೇ ಹೋಗಿ ಕರೆಯಿರಿ. ಅರ್ಜಿ ತುಂಬಲು ಕೂತು ಸಹಾಯ ಮಾಡಿ. ಮುಂಗಡ ಬಾಡಿಗೆ ಕೇಳಿದರೆ ದೊಡ್ಡ ಅಂಗಡಿಯವರು ಮಾತ್ರ ಉಳಿಯುತ್ತಾರೆ. ಬಾಡಿಗೆ ತೆಗೆದುಕೊಳ್ಳಲೇಬೇಕು ಅಂದರೆ ಸಂಜೆ ವ್ಯಾಪಾರ ಆದ ಮೇಲೆ, ಚಿಕ್ಕ ಮೊತ್ತ ತೆಗೆದುಕೊಳ್ಳಿ. ಆಮೇಲೆ ಮನೆಯಲ್ಲೇ ಚೆನ್ನಾಗಿ ಅಡುಗೆ ಮಾಡುವವರು, ಬೇರೆ ಊರಿಂದ, ಬೇರೆ ದೇಶದಿಂದ ಬಂದು ನೆಲೆಸಿದ ಕುಟುಂಬದವರು. ಪಕ್ಕದ ಮನೆಯವರ ಊಟ ಏನು ಅಂತ ಅಕ್ಕಪಕ್ಕದವರಿಗೆ ಗೊತ್ತಾಗುವುದು ಇಂಥ ದಿನದಲ್ಲೇ.

ಒಂದು ಅಂಗಡಿಗೆ ಒಂದು ತಿಂಡಿ, ಹೆಚ್ಚೆಂದರೆ ಎರಡು. ಪಟ್ಟಿ ಉದ್ದ ಆದಷ್ಟೂ ಸಾಲು ನಿಧಾನ, ಉಳಿಯುವ ಸಾಮಾನು ಜಾಸ್ತಿ. ಪಕ್ಕಪಕ್ಕದ ಅಂಗಡಿಗಳಲ್ಲಿ ಅದೇ ತಿಂಡಿ ಬೇಡ. ಅರ್ಧ ತಟ್ಟೆ ಕೊಡುವಂತೆ ಎಲ್ಲರನ್ನೂ ಒಪ್ಪಿಸಿ. ಒಂದು ತುಂಬಿದ ತಟ್ಟೆ ತಿಂದವರು ಮನೆಗೆ ಹೊರಡುತ್ತಾರೆ, ಅರ್ಧ ತಟ್ಟೆ ತಿಂದವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಕೊನೆಯ ಮೂಲೆಯಲ್ಲಿ ಕೂತ ಅಂಗಡಿಯವರಿಗೆ ವ್ಯಾಪಾರ ಆಗುವುದು ಹೀಗೇ.

ತಿಂಡಿಯಲ್ಲಿ ಏನೇನು ಇದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಹಲಗೆ ಪ್ರತಿ ಅಂಗಡಿಗೂ ಇರಲಿ. ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ, ಇವು ಹಲವರಿಗೆ ಅಲರ್ಜಿ ತರುತ್ತವೆ, ಕೆಲವರ ಪ್ರಾಣಕ್ಕೇ ಬರುತ್ತವೆ. ಒಂದೇ ಎಣ್ಣೆಯಲ್ಲಿ ಸಸ್ಯಾಹಾರ, ಮಾಂಸಾಹಾರ ಎರಡನ್ನೂ ಕರಿಯುತ್ತಿದ್ದರೆ ಅದನ್ನೂ ಬರೆಯಬೇಕು. "ಸ್ವಲ್ಪ ಇದ್ದರೆ ಏನಾಗುತ್ತದೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನೀರು ಮತ್ತು ಕೈ

ಕೈ ತೊಳೆಯುವ ಜಾಗ ದುಬಾರಿ ಆಗಬೇಕಿಲ್ಲ. ಒಂದು ಎತ್ತರದ ಮೇಜು. ಅದರ ಮೇಲೆ ನಲ್ಲಿ ಇರುವ, ಮುಚ್ಚಳ ಇರುವ ಡ್ರಮ್ಮು. ಕೆಳಗೆ ಕೊಳೆ ನೀರಿಗೆ ಅಗಲ ಬಾಯಿಯ ಬಕೆಟ್ಟು. ಸಾಬೂನನ್ನು ಜಾಳಿಗೆ ಚೀಲದಲ್ಲಿ ಹಾಕಿ ದಾರದಿಂದ ನಲ್ಲಿಗೆ ಕಟ್ಟಿ. ಹಾಗೆ ಕಟ್ಟಿದರೆ ನೆಲಕ್ಕೆ ಬೀಳುವುದಿಲ್ಲ, ನೀರಲ್ಲಿ ಕರಗುವುದಿಲ್ಲ, ಯಾರ ಜೇಬಿಗೂ ಹೋಗುವುದಿಲ್ಲ. ಮಕ್ಕಳ ಎತ್ತರಕ್ಕೆ ಇನ್ನೊಂದು ಇಡಿ. ಡ್ರಮ್ಮು ತುಂಬುವ, ಬಕೆಟ್ಟು ಖಾಲಿ ಮಾಡುವ ಕೆಲಸಕ್ಕೆ ಒಬ್ಬರು ಬೇಕೇ ಬೇಕು. ತುಂಬಿದ ಬಕೆಟ್ಟು ಚೆಲ್ಲಿದರೆ ಆ ಮೂಲೆಯೇ ಕೆಸರಾಗಿ, ಯಾರೂ ಹತ್ತಿರ ಬರುವುದಿಲ್ಲ.

ಲೆಕ್ಕಕ್ಕೆ ಒಬ್ಬರು ಒಂದು ಸಲ ಕೈ ತೊಳೆಯಲು ಅರ್ಧ ಲೀಟರ್ ಅಂತ ಇಟ್ಟುಕೊಳ್ಳಿ. 1,000 ಜನ ಬಂದರೆ 500 ಲೀಟರ್. ತಿನ್ನುವ ಮುಂಚೆ, ತಿಂದ ಮೇಲೆ ಅಂದರೆ ಅದರ ಎರಡು ಪಾಲು. ಪಾತ್ರೆ ತೊಳೆಯಲು, ಕುಡಿಯಲು ಬೇರೆ. ಕುಡಿಯುವ ನೀರಿನ ಡ್ರಮ್ಮು ಬೇರೆ ಬಣ್ಣದ್ದು ಇರಲಿ, ಗೊಂದಲ ಆಗುವುದಿಲ್ಲ.

ಸ್ಯಾನಿಟೈಸರ್ ಇಟ್ಟರೆ ಸಾಕಲ್ವಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಸಾಲದು. ಜಿಡ್ಡು, ಕೊಳೆ ಇರುವ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ವಾಂತಿ ಭೇದಿ ತರುವ ನೊರೊವೈರಸ್ ಮೇಲೆ ಅದರ ಪರಿಣಾಮ ಕಡಿಮೆ. ಸಾಬೂನು ಹಚ್ಚಿ 20 ಸೆಕೆಂಡು ಉಜ್ಜುವುದೇ ಒಳ್ಳೆಯದು. ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಕೈ ಬೇರೆ, ಬಡಿಸುವ ಕೈ ಬೇರೆ ಇರಲಿ. ಒಬ್ಬರೇ ಇರುವ ಅಂಗಡಿಗೆ ಒಬ್ಬ ಸ್ವಯಂಸೇವಕರನ್ನು ಗಲ್ಲಾಪೆಟ್ಟಿಗೆಗೆ ಕೊಡಿ.

ಬಿಸಿ, ತಂಪು

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಕೊಟ್ಟಿತು. ಚೊಕ್ಕಟವಾಗಿರಿ, ಹಸಿಯದನ್ನೂ ಬೇಯಿಸಿದ್ದನ್ನೂ ಬೇರೆ ಇಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಬಿಸಿ ಅಥವಾ ತಂಪಿನಲ್ಲಿ ಇಡಿ, ಒಳ್ಳೆಯ ನೀರು ಮತ್ತು ಸಾಮಾನು ಬಳಸಿ. ಹಬ್ಬದ ದಿನ ಕೈಕೊಡುವುದು ಹೆಚ್ಚಾಗಿ ನಾಲ್ಕನೆಯದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಬಿಸಿಯದು 60ಕ್ಕಿಂತ ಮೇಲೆ, ತಂಪಿನದು 5ಕ್ಕಿಂತ ಕೆಳಗೆ ಇರಬೇಕು. ಬೇಯಿಸುವಾಗ ಒಳಭಾಗ 70 ಮುಟ್ಟಬೇಕು. ಬೇಯಿಸಿದ್ದು ಈ ಬಿಸಿಯೂ ತಂಪೂ ಇಲ್ಲದೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು.

ಅನ್ನದ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅದು ನಿರುಪದ್ರವಿ ಅಂತ ಎಲ್ಲರೂ ತಿಳಿದಿದ್ದಾರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಬೇಯಿಸಿದರೂ ಅವು ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಸಂಜೆಯ ಅನ್ನ ಮಾಡಿಡಬೇಡಿ. ಸ್ವಲ್ಪ ಸ್ವಲ್ಪವೇ ಮಾಡಿಸಿ.

ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ಅದು ಸರಿ ಇದೆಯಾ ನೋಡಲು ಲೋಟದ ತುಂಬ ಪುಡಿ ಐಸು, ಮೇಲೆ ಸ್ವಲ್ಪ ನೀರು ಹಾಕಿ ಅದ್ದಿ. 0 ಹತ್ತಿರ ತೋರಿಸಬೇಕು. ಪಾತ್ರೆಯ ನಡುವೆ, ಎಲ್ಲಕ್ಕಿಂತ ದಪ್ಪ ಇರುವ ತುಂಡಿನಲ್ಲಿ ಚುಚ್ಚಿ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಾಗ ಒರೆಸಿ ಶುಚಿ ಮಾಡಿ. ಗಂಟೆಗೊಮ್ಮೆ ನಗುತ್ತಾ ಹೋಗಿ ನೋಡಿ. ತಪಾಸಣೆಗೆ ಬಂದವರ ಹಾಗೆ ಹೋದರೆ ಅಡುಗೆಯವರು ಮುಖ ತಿರುಗಿಸುತ್ತಾರೆ. ಐಸು ಕುಡಿಯುವ ನೀರಿನದೇ ಆಗಿರಬೇಕು. ಮೀನು ತಣ್ಣಗಿಡಲು ಬಳಸಿದ ಐಸು ಪಾನೀಯದ ಹತ್ತಿರವೂ ಬರಬಾರದು.

ಬೆಂಕಿ

ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಮೊದಲೇ ಚರಂಡಿ ಗುರುತು ಮಾಡಲು ಹೇಳಿದ್ದು. ಸಿಲಿಂಡರು ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಕಡೆ ಇಡಿ. ಒಲೆ ಹಚ್ಚುವ ಮುಂಚೆ ಪೈಪಿನ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ, ಒಲೆ ಹಚ್ಚುವ ಹಾಗಿಲ್ಲ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿ ನೀರಿನ ಸುಮಾರು 1,700 ಪಟ್ಟು ಜಾಗ ತೆಗೆದುಕೊಳ್ಳುವುದರಿಂದ ಉರಿಯುವ ಎಣ್ಣೆ ಸುತ್ತ ಎರಚುತ್ತದೆ. ಅನಿಲ ನಿಲ್ಲಿಸಿ, ಬಾಣಲೆಗೆ ಸರಿಯಾಗಿ ಕೂರುವ ಮುಚ್ಚಳ ಮುಚ್ಚಿ, ಬಾಣಲೆಯನ್ನು ಅಲುಗಾಡಿಸಬೇಡಿ. ಕರಿಯುವ ಪ್ರತಿ ಅಂಗಡಿಯಲ್ಲೂ ಮುಚ್ಚಳ ಕೈಗೆ ಸಿಗುವ ಹಾಗೆ ಇರಬೇಕು. ಜೊತೆಗೆ ಎಣ್ಣೆ ಬೆಂಕಿಗೆಂದೇ ಮಾಡಿದ ನಂದಕ ಬೇಕು. ಒಲೆ ಯಾವಾಗಲೂ ಹಿಂದೆ, ಮುಂದೆ ಮೇಜು. ಮಕ್ಕಳ ಕೈ ಬಾಣಲೆಯ ತನಕ ಬರಬಾರದು.

ಕಸ, ಕುರ್ಚಿ, ಸದ್ದು

ಕಸದ ಬುಟ್ಟಿ ಅಂಗಡಿಯ ಪಕ್ಕದಲ್ಲಿ ಇಟ್ಟರೆ ಪ್ರಯೋಜನ ಕಡಿಮೆ. ಜನ ತಟ್ಟೆ ತೆಗೆದುಕೊಂಡು ನಡೆಯುತ್ತಾ ತಿನ್ನುತ್ತಾರೆ, ಅದು ಖಾಲಿ ಆಗುವುದು ಸ್ವಲ್ಪ ದೂರ ಹೋದ ಮೇಲೆ. ಅಲ್ಲಿ ಬುಟ್ಟಿ ಇಡಿ. ಹಸಿ ಕಸ, ಒಣ ಕಸ, ಉಳಿದದ್ದು, ಮೂರೂ ಒಟ್ಟಿಗೇ ಇರಲಿ, ಹತ್ತಿರ ಒಬ್ಬರು ನಿಂತು ಯಾವುದು ಎಲ್ಲಿಗೆ ಅಂತ ತೋರಿಸಲಿ. ಕಾಲೇಜು ಹುಡುಗ ಹುಡುಗಿಯರು ಈ ಕೆಲಸ ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ, ನಾನು ಬೇರೆ ಯಾರನ್ನೂ ಕೇಳುವುದಿಲ್ಲ. ಠೇವಣಿ ಇಟ್ಟು ತಟ್ಟೆ ಪಡೆದು, ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳುವ ಪದ್ಧತಿ ಸಾಧ್ಯವಾದರೆ ಮಾಡಿ. ಆಗ ತೊಳೆಯುವ ನೀರು ಇನ್ನೂ ಜಾಸ್ತಿ ಬೇಕು, ಲೆಕ್ಕಕ್ಕೆ ಸೇರಿಸಿ. ಕರಿದ ಎಣ್ಣೆ ಆರಿದ ಮೇಲೆ ಡಬ್ಬಕ್ಕೆ ಹೋಗಬೇಕು, ಚರಂಡಿಗೆ ಅಲ್ಲ.

ವಯಸ್ಸಾದವರಿಗೆ ನೆರಳಲ್ಲಿ ಬೆನ್ನು ಇರುವ ಕುರ್ಚಿ ಇಡಿ. ಗಾಲಿಕುರ್ಚಿಯವರು ತಿನ್ನಲು ತಗ್ಗಿನ ಮೇಜು ಒಂದೆರಡು ಸಾಕು. ನೆಲದ ಮೇಲಿನ ವೈರುಗಳಿಗೆ ಮುಚ್ಚಿಗೆ ಹಾಕಿ. ಶೌಚಾಲಯ ಎಲ್ಲಿದೆ ಅಂತ ಬೀದಿಯ ಎರಡೂ ತುದಿಯಲ್ಲಿ ಬರೆಯಿರಿ. ಚಿಕ್ಕ ಮಕ್ಕಳ ಮುಂಗೈಗೆ ಮನೆಯವರ ಫೋನ್ ನಂಬರ್ ಬರೆದುಕೊಳ್ಳಲು ಪೆನ್ನು ಪ್ರವೇಶದಲ್ಲೇ ಇರಲಿ.

ಹಾಡು, ಕುಣಿತ ಬೇಕು, ಆದರೆ ಸ್ಪೀಕರು ಅಂಗಡಿಗಳ ಕಡೆ ತಿರುಗಿರಬಾರದು. ಯಾವ ತಿಂಡಿ ಬೇಕು ಅಂತ ಕೂಗಿ ಹೇಳಬೇಕಾದರೆ ಅಂಗಡಿಯವರಿಗೂ ಕಷ್ಟ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರುವುದೇ ಕಿವಿಗೆ ಮಿತಿ ಅಂತ ಪರಿಣತರು ಹೇಳುತ್ತಾರೆ. ಅಂಗಡಿಯವರು ಬೆಳಿಗ್ಗೆಯಿಂದ ರಾತ್ರಿ ತನಕ ಅಲ್ಲೇ ಇರುತ್ತಾರೆ ಅನ್ನುವುದನ್ನು ನೆನಪಿಡಿ. ಊಟದ ಹೊತ್ತಿನಲ್ಲಿ ಒಂದು ಗಂಟೆ ಮೈಕು ಪೂರ್ತಿ ನಿಲ್ಲಿಸಿ. ಆಗ ಗೊತ್ತಿಲ್ಲದವರು ಕೂಡ ಒಬ್ಬರ ಜೊತೆ ಒಬ್ಬರು ಮಾತಾಡಲು ಶುರು ಮಾಡುತ್ತಾರೆ.

ಮುಗಿಯುವ ಹೊತ್ತಿಗೆ

ಮುಗಿಯಲು ಅರ್ಧ ಗಂಟೆ ಇರುವಾಗಲೇ ಸಾಲಿನ ಬಾಲಕ್ಕೆ ಒಬ್ಬರನ್ನು ನಿಲ್ಲಿಸಿ, ಇನ್ನು ಹೊಸಬರು ಬೇಡ ಅಂತ ಹೇಳಿಸಿ. ಅನಿಲ ನಿಲ್ಲಿಸಿ ಒಲೆ ಆರಿದ ಮೇಲೆಯೇ ಸಾಮಾನು ಒಯ್ಯುವ ಗಾಡಿಗಳನ್ನು ಒಳಗೆ ಬಿಡಿ, ಜನ ಇರುವಾಗ ಬೇಡ. ಬಂದ ಸಿಲಿಂಡರು ಎಷ್ಟು, ಹೋದದ್ದು ಎಷ್ಟು ಅಂತ ಎಣಿಸಿ. ಬಿಸಿಯಾಗಿಯೇ ಉಳಿದ ಊಟವನ್ನು ಆಗಲೇ ಹಂಚಿ. ಹೊತ್ತು ಮೀರಿದ್ದನ್ನು ಯಾರಿಗೂ ಕೊಡಬೇಡಿ, ಬಡವರಿಗಂತೂ ಕೊಡಲೇಬೇಡಿ. ದುಡ್ಡನ್ನು ನೀವೇ ಒಂದು ಕಡೆ ಪಡೆದು ಜನರಿಗೆ ಟೋಕನ್ ಕೊಟ್ಟಿದ್ದರೆ ಅಂಗಡಿಯವರ ದುಡ್ಡನ್ನು ಅದೇ ರಾತ್ರಿ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ನಾಳೆಯ ಸಾಮಾನು ಅವರು ಆ ದುಡ್ಡಿನಲ್ಲೇ ತರಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಆ ವಾರದೊಳಗೆ ಬೀದಿಯ ತುದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ.